ಪೆಟ್ರೋಲ್ ಹಾಕಿದ ಮೇಲೆ ಚೆಕ್ ಎಂಜಿನ್ ಲೈಟ್: ಕ್ಯಾಪ್, ಸ್ಕ್ಯಾನ್, ಡಾಂಗಲ್, ಹೊಗೆ ಪರೀಕ್ಷೆ

ಟೆಕ್ಸಸ್‌ನ ಪ್ಲೇನೋದಲ್ಲಿರುವ ನಮ್ಮ ಹಳೆಯ ಸೆಡಾನ್‌ಗೆ ಕಳೆದ ಬೇಸಿಗೆಯಲ್ಲಿ ಒಂದು ಚಾಳಿ ಅಂಟಿಕೊಂಡಿತು. ಪೆಟ್ರೋಲ್ ತುಂಬಿಸಿ ಕೀ ತಿರುಗಿಸಿದರೆ ಐದಾರು ಸೆಕೆಂಡು ಒದ್ದಾಡಿ, ನಡುಗುತ್ತಾ ಸ್ಟಾರ್ಟ್ ಆಗುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಏನೂ ತೊಂದರೆಯಿಲ್ಲ. ಮೂರನೇ ಸಲ ಟ್ಯಾಂಕ್ ತುಂಬಿಸಿದ ದಿನ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಲೈಟ್ ಉರಿಯುತ್ತಿದ್ದರೆ ನಮ್ಮ ಕೌಂಟಿಯ ಎಮಿಷನ್ ಟೆಸ್ಟ್‌ನಲ್ಲಿ (ವಾಯುಮಾಲಿನ್ಯ ತಪಾಸಣೆ) ಫೇಲ್. ಆ ಟೆಸ್ಟ್ ಪಾಸಾಗಬೇಕಾದ ರಿಜಿಸ್ಟ್ರೇಷನ್ ನವೀಕರಣಕ್ಕೆ ಇನ್ನು ಐದೇ ವಾರ ಉಳಿದಿತ್ತು.

ಯಾರನ್ನು ಕೇಳಿದರೂ ಒಂದೇ ಉತ್ತರ: ಪೆಟ್ರೋಲ್ ಟ್ಯಾಂಕಿನ ಕ್ಯಾಪ್ ಬಿಗಿ ಮಾಡು. ಅದರಲ್ಲಿ ಅರ್ಥವಿದೆ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಕ್ಯಾನಿಸ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್‌ಗೆ ಬಿಡುತ್ತದೆ. ಇದರಲ್ಲಿ ಸೋರಿಕೆ ಇದೆಯೇ ಎಂದು ಅಮೆರಿಕದ ಕಾರು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅರ್ಧ ಮಿಲಿಮೀಟರಿನ ತೂತನ್ನೂ ಪತ್ತೆ ಮಾಡುವ ಕಾರುಗಳಿವೆ. ಕ್ಯಾಪ್ ಸಡಿಲವಾಗಿದ್ದರೆ ಅದೂ ಒಂದು ತೂತೇ. ನಾನು ಟಿಕ್ ಟಿಕ್ ಎನ್ನುವವರೆಗೆ ಬಿಗಿ ಮಾಡಿ ಹನ್ನೆರಡು ದಿನ ಕಾದೆ, 14 ಡಾಲರ್ ಕೊಟ್ಟು ಹೊಸ ಕ್ಯಾಪ್ ಹಾಕಿದೆ. ಲೈಟ್ ಆರಲಿಲ್ಲ.

ಆಗ ನನಗೆ ತಿಳಿದಿರಲಿಲ್ಲ, ಈ ಸೋರಿಕೆ ಪರೀಕ್ಷೆ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಪೂರ್ತಿ ತಣ್ಣಗಿದ್ದು, ಟ್ಯಾಂಕ್ ಸುಮಾರು ಶೇ. 15ರಿಂದ 85ರಷ್ಟು ತುಂಬಿರುವಾಗ ಮಾತ್ರ ನಡೆಯುತ್ತದೆ ಎಂದು. ಹಾಗಾಗಿ ಕ್ಯಾಪ್‌ನ ತಪ್ಪಿದ್ದರೆ ಲೈಟ್ ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಬರುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದರಲ್ಲಿ ವ್ಯತ್ಯಾಸ ಇರುವುದಿಲ್ಲ. ಬಂಕಿನಲ್ಲೇ ಸ್ಟಾರ್ಟ್ ಆಗಲು ತಿಣುಕಾಡುವ ಕಾರಿಗೆ ಕ್ಯಾಪ್ ಕೊಳ್ಳುವುದು ದುಡ್ಡು ದಂಡ.

ಎರಡನೆಯದು, ಬಿಡಿಭಾಗದ ಅಂಗಡಿಯ ಉಚಿತ ಸ್ಕ್ಯಾನ್. ಐದೇ ನಿಮಿಷದಲ್ಲಿ ಕಾರಿನ ಕಂಪ್ಯೂಟರ್ ದಾಖಲಿಸಿದ್ದ ದೋಷದ ಕೋಡ್ ಬಂತು: ಪಿ0496. ಪರ್ಜ್ ಆಗಬಾರದ ಹೊತ್ತಿನಲ್ಲಿ ಆವಿ ಹರಿಯುತ್ತಿದೆ ಎಂದು ಅದರ ಅರ್ಥ. ಕ್ಯಾಪ್‌ನ ಮೇಲಿನ ಗುಮಾನಿ ಅಲ್ಲಿಗೇ ಮುಗಿಯಿತು; ದೊಡ್ಡ ಸೋರಿಕೆಯಾಗಿದ್ದರೆ ಪಿ0455, ತೀರಾ ಸಣ್ಣದಾಗಿದ್ದರೆ ಪಿ0456, ಕ್ಯಾಪ್ ಆಗಿದ್ದರೆ ಪಿ0457 ಬರಬೇಕಿತ್ತು. ಆದರೆ ಕೌಂಟರಿನಲ್ಲಿದ್ದವರು ಕ್ಯಾನಿಸ್ಟರನ್ನೇ ಬದಲಿಸಿ ಎಂದರು. ಅದು ನೂರಾರು ಡಾಲರಿನ ಬಾಬತ್ತು. ಕೋಡ್ ತೊಂದರೆಯ ಬೀದಿ ತೋರಿಸುತ್ತದೆ, ಮನೆ ನಂಬರ್ ಹೇಳುವುದಿಲ್ಲ.

ನಡುವೆ ಗೆಳೆಯನ ಮಾತು ಕೇಳಿ ಬ್ಯಾಟರಿ ಕಳಚಿ ಹಾಕಿದ್ದೂ ಆಯಿತು. ಲೈಟ್ ಹೋಯಿತು, ಮುಂದಿನ ಪೆಟ್ರೋಲಿಗೆ ವಾಪಸ್ ಬಂತು. ಜೊತೆಗೆ ಕಾರಿನ ಸ್ವಯಂಪರೀಕ್ಷೆಗಳ ದಾಖಲೆಯೆಲ್ಲ ಅಳಿಸಿಹೋಯಿತು. 2001 ಅಥವಾ ಅದರ ನಂತರದ ಮಾಡೆಲ್‌ನ ಕಾರಾದರೆ, ಒಂದಕ್ಕಿಂತ ಹೆಚ್ಚು ಸ್ವಯಂಪರೀಕ್ಷೆ ಬಾಕಿ ಇದ್ದರೆ ಇಲ್ಲಿನ ಎಮಿಷನ್ ಟೆಸ್ಟ್ ಪಾಸಾಗುವುದಿಲ್ಲ. ಈ ದಾರಿ ಯಾರಿಗೂ ಬೇಡ.

ನನಗೆ ಉತ್ತರ ಕೊಟ್ಟಿದ್ದು 28 ಡಾಲರಿನ ಬ್ಲೂಟೂತ್ ಡಾಂಗಲ್. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ ಫೋನಿನಲ್ಲಿ ನೋಡುವುದು. ಕೋಡ್ ಅಂಗಡಿಯಲ್ಲೂ ಸಿಗುತ್ತದೆ. ಇದರ ಬೆಲೆ ಇರುವುದು ಎಂಜಿನ್ ಓಡುವಾಗಲೇ ಕಾಣುವ ಅಂಕಿಗಳಲ್ಲಿ. ಟ್ಯಾಂಕ್ ತುಂಬಿಸಿ ಬಂಕಿನ ಪಕ್ಕದಲ್ಲೇ ನಿಲ್ಲಿಸಿ ನೋಡಿದೆ: ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಆ ಕ್ಷಣಕ್ಕೆ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಮೈನಸ್ 20ರ ಹತ್ತಿರ. ಎಲ್ಲಿಂದಲೋ ಹೆಚ್ಚುವರಿ ಪೆಟ್ರೋಲ್ ಆವಿ ಬರುತ್ತಿದೆ, ಕಂಪ್ಯೂಟರ್ ಇಂಜೆಕ್ಟರನ್ನು ತಗ್ಗಿಸುತ್ತಿದೆ ಎಂದಾಯಿತು. ಬಾನೆಟ್ ಎತ್ತಿ ಕ್ಯಾನಿಸ್ಟರಿನಿಂದ ಪರ್ಜ್ ವಾಲ್ವ್‌ಗೆ ಬರುವ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಹಿಡಿದೆ. ಅಂಕಿ ಸೊನ್ನೆಯ ಕಡೆ ಏರಿತು, ನಡುಕ ನಿಂತಿತು. ಆ ಕ್ಷಣದ ಖುಷಿ ಈಗಲೂ ನೆನಪಿದೆ.

ಖಚಿತಪಡಿಸಿಕೊಳ್ಳಲು ಮರುದಿನ ಮನೆಯಲ್ಲಿ ವಾಲ್ವ್‌ನ ವಿದ್ಯುತ್ ಕನೆಕ್ಟರ್ ತೆಗೆದು, ಆ ಪೈಪು ಕಳಚಿ, ಎಂಜಿನ್ ಐಡಲ್‌ನಲ್ಲಿರುವಾಗ ವಾಲ್ವ್‌ನ ಬಾಯಿಗೆ ಬೆರಳಿಟ್ಟೆ. ಕರೆಂಟ್ ಇಲ್ಲದಾಗ ಅದು ಮುಚ್ಚಿರಬೇಕು. ಬೆರಳನ್ನು ಎಳೆದುಕೊಳ್ಳುತ್ತಿತ್ತು, ಅಂದರೆ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ.

ಹಾಗೆಂದು ಡಾಂಗಲ್ಲೇ ಎಲ್ಲಕ್ಕೂ ಮದ್ದಲ್ಲ. ಎರಡು ವರ್ಷದ ಹಿಂದೆ ಹೆಂಡತಿಯ ವ್ಯಾನ್‌ನಲ್ಲಿ ಪಿ0456 ಬಂದಾಗ ಕೋಡ್ ಹಿಡಿದುಕೊಂಡು ತಿಂಗಳು ಹುಡುಕಿದರೂ ಸಿಗಲಿಲ್ಲ. ಬಡಾವಣೆಯ ಗ್ಯಾರೇಜಿನಲ್ಲಿ 110 ಡಾಲರಿಗೆ ಸೋರಿಕೆ ಹುಡುಕುವ ಹೊಗೆ ಪರೀಕ್ಷೆ ಮಾಡಿಸಿದೆವು. ಪೈಪುಗಳೊಳಗೆ ಹೊಗೆ ಬಿಟ್ಟ ಅರ್ಧ ಗಂಟೆಯಲ್ಲಿ ಟ್ಯಾಂಕಿನ ಮೇಲಿನ ಬಿರುಕು ಬಿಟ್ಟ ರಬ್ಬರ್ ಪೈಪಿನಿಂದ ಎಳೆಯಾಗಿ ಹೊಗೆ ಎದ್ದಿತು. ಸೋರಿಕೆಯ ಕೋಡ್ ಬಂದು, ಕ್ಯಾಪ್ ಸರಿಯಿದ್ದರೆ, ನೇರ ಹೊಗೆ ಪರೀಕ್ಷೆಗೇ ಹೋಗಿ.

ಹಾಸನದ ಭಾವ ಇದನ್ನು ಕೇಳಿ ತಾವೂ ಕ್ಯಾಪ್ ಬದಲಿಸಬೇಕೇ ಎಂದರು. ಬೇಡ ಭಾವ ಎಂದೆ. ಊರಿನ ಬಹುತೇಕ ಕಾರುಗಳಲ್ಲಿ ಈ ಸೋರಿಕೆ ಪರೀಕ್ಷೆಯೇ ಇಲ್ಲ. ಪರ್ಜ್ ವಾಲ್ವ್ ಮಾತ್ರ ಅಲ್ಲೂ ಇದೆ. ಪೆಟ್ರೋಲ್ ಹಾಕಿಸಿದ ಮೇಲೆ ಗಾಡಿ ಜರ್ಕ್ ಹೊಡೆದು ಲೈಟ್ ಮಿಣುಕಿದರೆ ಓಡಿಸದೆ ನಿಲ್ಲಿಸಿಬಿಡಿ, ಪೆಟ್ರೋಲಿನಲ್ಲಿ ನೀರು ಸೇರಿರಬಹುದು ಎಂದೂ ಹೇಳಿದೆ. ಹಾಗೆ ಮಿಸ್‌ಫೈರ್ ಆಗುತ್ತಲೇ (ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ) ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು.

ನನ್ನ ಹೊಸ ವಾಲ್ವ್‌ಗೆ 45 ಡಾಲರ್, ಕೆಲಸ ಇಪ್ಪತ್ತು ನಿಮಿಷ: ಒಂದು ಬೋಲ್ಟ್, ಎರಡು ಪೈಪು, ಒಂದು ಕನೆಕ್ಟರ್. ಪಂಪ್ ಕ್ಲಿಕ್ ಎಂದ ಮೇಲೂ ಒತ್ತಿ ಒತ್ತಿ ತುಂಬುವ ಅಭ್ಯಾಸ ಬಿಟ್ಟೆ. ಹಾಗೆ ತುಂಬಿದರೆ ಪೆಟ್ರೋಲ್ ಕ್ಯಾನಿಸ್ಟರಿಗೇ ನುಗ್ಗಿ ಇದ್ದಿಲು ಹಾಳಾಗುತ್ತದೆ. ಡಾಂಗಲ್‌ನಿಂದ ಕೋಡ್ ಅಳಿಸಿ ಒಂಬತ್ತು ದಿನ ಆಫೀಸಿಗೆ ಓಡಿಸಿದೆ. ಆವಿಯ ಪರೀಕ್ಷೆಯೊಂದು ಬಾಕಿ ಉಳಿದು, ಮಿಕ್ಕವೆಲ್ಲ ಮುಗಿದಿದ್ದವು. ಹತ್ತನೇ ದಿನ ಎಮಿಷನ್ ಟೆಸ್ಟ್ ಪಾಸಾಯಿತು.