ಬೊಗಳುವುದನ್ನು ನೋಡಿ ಕಾವಲು ನಾಯಿ ತಗೋಬೇಡಿ

ಕಾವಲಿಗೆ ಅಂತ ನಾಯಿ ಹುಡುಕುತ್ತಿರುವವರು, ಅದರಲ್ಲೂ "ರೆಡಿ ಗಾರ್ಡ್ ಡಾಗ್" ಅಂತ ಬರುವ ವಿಡಿಯೊ ನೋಡಿ ಮುಂಗಡ ಕೊಡಲು ಹೊರಟವರು, ಸ್ವಲ್ಪ ನಿಂತು ಇದನ್ನು ಓದಿ. ನಾನು ಹಾಗೇ ತಗೊಂಡು ಕೆಟ್ಟೆ. ದುಡ್ಡು ಹೋಗಿದ್ದು ಇರಲಿ, ನಮ್ಮ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಕಚ್ಚಿಸಿಕೊಂಡರು.

ನಮ್ಮ ಗೋದಾಮಿನಲ್ಲಿ ರಾತ್ರಿ ಯಾರೂ ಇರುವುದಿಲ್ಲ. ಎರಡು ಸಲ ಯಾರೋ ಬೀಗ ಮೀಟಲು ನೋಡಿದ್ದರು. ಆಗ ಸಿಕ್ಕಿದ್ದು ಆ ವಿಡಿಯೊ. 14 ತಿಂಗಳ ಗಂಡು ಜರ್ಮನ್ ಶೆಫರ್ಡ್, ಪೂರ್ತಿ ಟ್ರೈನಿಂಗ್ ಆಗಿದೆಯಂತೆ. ನೋಡಲು ಹೋದೆ. ಮಾರುವವನು ಕೋಲು ಹಿಡಿದು ಎದುರಿಗೆ ಹೋದರೆ ಸಾಕು, ನಾಯಿ ಸರಪಳಿ ಕಿತ್ತುಕೊಂಡೇ ಬರುತ್ತದೇನೋ ಅನ್ನುವ ಹಾಗೆ ಎಗರುತ್ತಿತ್ತು, ಹಲ್ಲು ಕಾಣುತ್ತಿತ್ತು, ಜೊಲ್ಲು ಹಾರುತ್ತಿತ್ತು, ಕತ್ತಿನಿಂದ ಬಾಲದ ಬುಡದವರೆಗೂ ಕೂದಲು ನೆಟ್ಟಗೆ ನಿಂತಿತ್ತು. "ಒಬ್ಬರನ್ನೂ ಹತ್ತಿರ ಬಿಡಲ್ಲ, ಗ್ಯಾರಂಟಿ" ಅಂದ. ನನಗೂ ಅದೇ ಬೇಕಿತ್ತಲ್ವಾ? ಅವತ್ತೇ ಕರೆದುಕೊಂಡು ಬಂದೆ.

ಮೊದಲ ವಾರವೇ ನನಗೆ ಗೊತ್ತಾಗಬೇಕಿತ್ತು. ಲೋಡ್ ಇಳಿಸುವಾಗ ಲಾರಿಯ ಹಿಂದಿನ ಬಾಗಿಲು ಧಡಾರ್ ಅಂತ ಬಿತ್ತು. ನಾಯಿ ಹೋಗಿ ಮೇಜಿನ ಕೆಳಗೆ ಸೇರಿಕೊಂಡಿತು. ಸಂಜೆಯವರೆಗೂ ಹೊರಗೆ ಬರಲಿಲ್ಲ. ಮರುದಿನ ಲಾರಿ ಬಂದು ನಿಂತ ಸದ್ದಿಗೇ ನಡುಗಲು ಶುರು. ಹೊಸ ಜಾಗ, ಸರಿಹೋಗುತ್ತದೆ ಅಂತ ಸುಮ್ನೆ ಬಿಟ್ಟೆ. ಟೋಪಿ ಹಾಕಿದವರು, ಕೊಡೆ ಹಿಡಿದವರು, ಕುಂಟುತ್ತಾ ನಡೆಯುವವರು, ಯಾರನ್ನು ಕಂಡರೂ ಒಂದೇ ಸಮ ಬೊಗಳುತ್ತಿತ್ತು. ಪಕ್ಕಾ ಕಾವಲು ನಾಯಿ ಅಂತ ನಾನು ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

ಮೂರನೇ ವಾರ. ಲೆಕ್ಕ ನೋಡಿಕೊಳ್ಳುವ ಹಿರಿಯರು ಬೆಳಗ್ಗೆ ಬಂದರು. ನಾಯಿಗೆ ದಿನಾ ನೋಡುವ ಮುಖವೇ. ಅದು ಬೊಗಳುತ್ತಾ ಹಿಂದೆ ಸರಿಯಿತು. ಅವರು "ಏನೋ, ಇನ್ನೂ ಗುರುತು ಸಿಗಲಿಲ್ವಾ" ಅಂತ ಮಾತಾಡಿಸಿ, ಆ ಕಡೆ ತಿರುಗಿ ಕೀಲಿಕೈ ಮೊಳೆಗೆ ಹಾಕಲು ಹೋದರು. ಅಷ್ಟೇ. ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು, ಬಿಟ್ಟು ಓಡಿತು. ಗುರ್ ಅಂತ ಕೂಡ ಅನ್ನಲಿಲ್ಲ.

ನಲ್ಲಿ ಬಿಟ್ಟು, ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದೆವು. ಇದನ್ನು ಮಾತ್ರ ಯಾರೂ ಬಿಡಬೇಡಿ, ಗಾಯ ಎಷ್ಟೇ ಸಣ್ಣದಿರಲಿ, ಯಾಕೆಂದರೆ ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರಾ ಅಪರೂಪ. ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿದೆವು. ಮಾರಿದವನು ಕೊಟ್ಟಿದ್ದ ಲಸಿಕೆ ಪುಸ್ತಕ ತೆಗೆದು ನೋಡಿದರೆ ಸಹಿ ಇದೆ, ತಾರೀಖೇ ಇಲ್ಲ!

ಹೋಗಲಿ, ಕಳ್ಳರ ಕಾಟವಾದರೂ ತಪ್ಪಿತಲ್ಲ ಅಂದುಕೊಂಡೆ. ಹದಿನೈದು ದಿನ ಬಿಟ್ಟು ಒಬ್ಬ ಗೋಡೆ ಹಾರಿ ಬಂದ. ಕ್ಯಾಮೆರಾದಲ್ಲಿ ಎಲ್ಲ ಇದೆ. ನಾಯಿ ದೂರದಿಂದ ಬೊಗಳಿತು. ಅವನು ಓಡಲಿಲ್ಲ, ಅದರ ಕಡೆಗೇ ನಾಲ್ಕು ಹೆಜ್ಜೆ ನಡೆದ. ಅದು ಹೋಗಿ ಡ್ರಮ್ಮುಗಳ ಹಿಂದೆ ಕೂತಿತು. ಅವನು ಎರಡು ಬ್ಯಾಟರಿ ಹೊತ್ತುಕೊಂಡು, ಬಂದ ದಾರಿಯಲ್ಲೇ ಹೋದ.

ಕೊನೆಗೆ, ಕೆಲಸದ ನಾಯಿಗಳನ್ನು ಪಳಗಿಸುವ ಒಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಪಶುವೈದ್ಯರ ಹತ್ತಿರ ಕಳಿಸಿದರು. ಕಿವಿ ನೋವು, ಕೀಲು ನೋವು ಇದ್ದರೂ ನಾಯಿ ಕಚ್ಚುತ್ತದಂತೆ. ಅದೇನೂ ಇರಲಿಲ್ಲ. ಆಮೇಲೆ ಅವರು ಮಾಡಿದ್ದು ಇಷ್ಟೇ: ನಾಯಿಯಿಂದ ಹತ್ತಡಿ ದೂರದಲ್ಲಿ ಕೀಲಿಕೈ ಗೊಂಚಲನ್ನು ನೆಲಕ್ಕೆ ಬಿಟ್ಟರು. ನಮ್ಮದು ಎಗರಿ ಬಿದ್ದು, ಹಗ್ಗ ಎಳೆದುಕೊಂಡು ಗೇಟಿನ ಕಡೆ ಹೊರಟಿತು. ಎಷ್ಟು ಪುಸಲಾಯಿಸಿದರೂ ಆ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ತಮ್ಮ ನಾಯಿಯನ್ನು ಕರೆದು ಹಾಗೇ ಮಾಡಿದರು. ಅದೂ ಬೆಚ್ಚಿತು. ನಾನು ಅದು ಬೆಚ್ಚುವುದೇ ಇಲ್ಲ ಅಂದುಕೊಂಡಿದ್ದೆ. ಬೆಚ್ಚಿತು, ಕಿವಿ ನಿಮಿರಿಸಿತು, ನಿಧಾನಕ್ಕೆ ಬಂದು ಕೀಲಿಕೈ ಮೂಸಿತು, ಅವರ ಮುಖ ನೋಡಿತು, ಹೋಗಿ ಮಲಗಿತು. "ಬೆಚ್ಚಿದ್ದನ್ನು ನೋಡಬೇಡಿ, ಎಷ್ಟು ಬೇಗ ಸರಿಹೋಯಿತು ಅನ್ನುವುದನ್ನು ನೋಡಿ" ಅಂದರು. ನಾನು ಕಲಿತದ್ದರಲ್ಲಿ ಅರ್ಧ ಇದೇ.

ಇನ್ನರ್ಧ ಕಲಿತದ್ದು ಆ ಹಳೇ ವಿಡಿಯೊದಿಂದ. ನನ್ನ ಫೋನಿನಲ್ಲೇ ಇತ್ತು. ಅವರು ಅದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ನಾಯಿಯ ಬಾಲ ಹೊಟ್ಟೆಯ ಕೆಳಗೆ ಮುದುರಿಕೊಂಡಿದೆ. ಕಿವಿ ಹಿಂದಕ್ಕೆ ಅಂಟಿಕೊಂಡಿದೆ. ಕಣ್ಣಿನ ಬಿಳಿ ಭಾಗ ಕಾಣುತ್ತಿದೆ. ಮೈಭಾರವೆಲ್ಲ ಹಿಂಗಾಲ ಮೇಲೆ. ಮುಂದೆ ಎಗರುತ್ತದೆ, ನಡುವೆ ಒಂದೊಂದು ಹೆಜ್ಜೆ ಹಿಂದೆ ಹೋಗುತ್ತದೆ. ನಾನು ಆವತ್ತು ಹಲ್ಲು ಮಾತ್ರ ನೋಡಿದ್ದೆ. ಇನ್ನೊಂದು ವಿಷಯ ಗಮನಿಸಿ ಅಂದರು: ನಾಯಿ ಜೋರಾಗಿ ಬೊಗಳಿದಾಗಲೆಲ್ಲ ಕೋಲಿನವನು ಹಿಂದೆ ಸರಿಯುತ್ತಿದ್ದಾನೆ. ಸರಪಳಿ ಇರುವುದರಿಂದ ಓಡುವಂತಿಲ್ಲ. ಹೀಗಾಗಿ ಬೊಗಳಿ ಹೆದರಿಸಿದರೆ ಹೆದರಿಕೆ ದೂರ ಹೋಗುತ್ತದೆ ಅನ್ನುವುದನ್ನು ಅದು ಪಾಠದ ಹಾಗೆ ಕಲಿತಿದೆ. ಅವನು ಹೇಳಿದ "ಟ್ರೈನಿಂಗ್" ಇದು. ಕಳ್ಳ ಹಿಂದೆ ಸರಿಯಲಿಲ್ಲ, ಪಾಠ ಅಲ್ಲಿಗೆ ಮುಗಿಯಿತು. ನಮ್ಮ ಹಿರಿಯರು ಬೆನ್ನು ತಿರುಗಿಸಿದರು, ಪುಕ್ಕಲು ನಾಯಿಗೆ ಧೈರ್ಯ ಬರುವುದೇ ಆಗ. ಗುರ್ ಅನ್ನದೆ ಕಚ್ಚಿದ್ದಕ್ಕೂ ಕಾರಣ ಇದ್ದೀತು: ಗುರ್ ಅಂದಾಗಲೆಲ್ಲ ಹೊಡೆದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ.

ಹಾಗಾದರೆ ಒಳ್ಳೆಯ ಕಾವಲು ನಾಯಿ ಹೇಗಿರುತ್ತದೆ? ನೋಡಿದರೆ ಬೇಜಾರಾಗುವಷ್ಟು ಸಾಧು. ಅವರ ನಾಯಿ ನಾನು ಒಳಗೆ ಬಂದಾಗ ಎರಡು ಸಲ ಬೊಗಳಿತು, ಅವರು ಸಾಕು ಅಂದರು, ಸುಮ್ಮನಾಯಿತು. ನನ್ನ ಹತ್ತಿರ ಬಂದು ಮುದ್ದು ಮಾಡಿಸಿಕೊಳ್ಳಲೂ ಇಲ್ಲ, ದುರುಗುಟ್ಟಲೂ ಇಲ್ಲ. ಕೆರಳುವುದು ಎಲ್ಲ ನಾಯಿಗೂ ಬರುತ್ತದೆ, ಕೆರಳಿದ ಮೇಲೆ ಇಳಿಯುವುದು ಎಲ್ಲಕ್ಕೂ ಬರುವುದಿಲ್ಲ. ಜರ್ಮನ್ ಶೆಫರ್ಡ್ ತಳಿಯನ್ನು ರೂಪಿಸಿದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಮತ್ತವರ ಜೊತೆಯವರು 1899ರಲ್ಲಿ ಸಂಘ ಕಟ್ಟಿದರು. ಕೆಲಸಕ್ಕೆ ಬಾರದ ನಾಯಿಗಳಿಂದ ಮರಿ ತೆಗೆಯಬಾರದು ಅಂತ ಆಮೇಲೆ ಬಂದ ಪರೀಕ್ಷೆಯೇ ಶುಟ್ಸ್‌ಹುಂಡ್. ಇವತ್ತಿಗೂ ಅದರ ಕಾವಲಿನ ಭಾಗದಲ್ಲಿ, ಅಡಗಿ ನಿಂತವನು ಅಲ್ಲಾಡದೆ ಇದ್ದರೆ ನಾಯಿ ಬೊಗಳಿ ತಡೆದು ನಿಲ್ಲಿಸಬೇಕು, ಬಾಯಿ ಹಾಕುವಂತಿಲ್ಲ. ಹಿಡಿದಾಗಲೂ ಬಿಡು ಅಂದ ತಕ್ಷಣ ಬಿಡಬೇಕು. ಅಮೆರಿಕನ್ ಟೆಂಪರಮೆಂಟ್ ಟೆಸ್ಟ್ ಸೊಸೈಟಿ ಅಂತ 1977ರಿಂದ ಒಂದು ಸಂಸ್ಥೆ ಇದೆ, ಅವರ ಪರೀಕ್ಷೆಯಲ್ಲಿ ಮುಖದೆದುರು ಫಟ್ಟಂತ ಕೊಡೆ ಬಿಚ್ಚುತ್ತಾರೆ, ಗುಂಡಿನ ಸದ್ದು ಕೇಳಿಸುತ್ತಾರೆ, ಪ್ಲಾಸ್ಟಿಕ್ ಹಾಳೆ ಮೇಲೆ ನಡೆಸುತ್ತಾರೆ, ವಿಚಿತ್ರವಾಗಿ ಆಡುವ ಅಪರಿಚಿತನನ್ನು ಎದುರಿಗೆ ಬಿಡುತ್ತಾರೆ. ಹೆದರಿ ಕಂಗಾಲಾದರೂ ಫೇಲು, ಕಾರಣವಿಲ್ಲದೆ ಮೇಲೆರಗಿದರೂ ಫೇಲು. ನಮ್ಮದು ಕೊಡೆಯ ಹತ್ತಿರವೇ ಮುಗಿಯುತ್ತಿತ್ತು.

ಇದನ್ನೆಲ್ಲ ದೊಡ್ಡದಾದ ಮೇಲೆ ತುಂಬಲು ಆಗುವುದಿಲ್ಲವಾ ಅಂತ ಕೇಳಿದೆ. ಸ್ವಲ್ಪ ಆಗುತ್ತದೆ, ಪೂರ್ತಿ ಆಗುವುದಿಲ್ಲ ಅಂದರು. ಒಂದಿಷ್ಟು ಅಪ್ಪ ಅಮ್ಮನಿಂದ ಬರುತ್ತದೆ. ಇನ್ನೊಂದಿಷ್ಟು ಮರಿಗೆ 3 ವಾರದಿಂದ ಸುಮಾರು 12, 14 ವಾರ ಆಗುವಷ್ಟರಲ್ಲಿ ಕಂಡ ಮನುಷ್ಯರಿಂದ, ಕೇಳಿದ ಸದ್ದಿನಿಂದ ಬರುತ್ತದೆ. ಆ ದಿನಗಳನ್ನು ಗೂಡಿನಲ್ಲೇ ಕಳೆದರೆ ಮುಂದೆ ಕೊಡೆಯೂ ಭೂತವೇ. ಅದಕ್ಕೇ ಮರಿ ತಗೊಳ್ಳುವವರು ತಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. ದೊಡ್ಡ ನಾಯಿಯಾದರೆ ಸರಪಳಿ ಬಿಚ್ಚಿಸಿ, ಅದರ ಜಾಗದಿಂದ ಹೊರಗೆ ಕರೆದುಕೊಂಡು ಹೋಗಿ, ಜನ ಓಡಾಡುವ ಕಡೆ ನಡೆಸಿ ತೋರಿಸಲು ಹೇಳಿ. ನಾನು ಕೇಳಿದ್ದರೆ ಅವನು ಏನಾದರೊಂದು ನೆಪ ಹೇಳುತ್ತಿದ್ದ, ನನಗೂ ಬುದ್ಧಿ ಬರುತ್ತಿತ್ತು. ಎಂಟು ತಿಂಗಳಿಗೇ ತಯಾರಾದ ಕಾವಲು ನಾಯಿ ಅಂತಲೂ ಮಾರುತ್ತಾರೆ. ಇಷ್ಟು ದೊಡ್ಡ ತಳಿಯ ನಾಯಿಗೆ ಬುದ್ಧಿ ಬಲಿಯಲು ಒಂದೂವರೆ, ಎರಡು ವರ್ಷ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ.

ನಾಯಿಯದೇನೂ ತಪ್ಪಿಲ್ಲ, ಪಾಪ. ಈಗ ಅದು ಪಳಗಿಸುವವರ ಪರಿಚಯದ ಒಬ್ಬರ ಮನೆಯಲ್ಲಿದೆ. ಸದ್ದಿಲ್ಲದ ಮನೆ. ಹೊರಗೆ ಕರೆದುಕೊಂಡು ಹೋಗುವಾಗ ಬಾಯಿಗೆ ಬುಟ್ಟಿ ಹಾಕುತ್ತಾರೆ. ನಮ್ಮ ಹಿರಿಯರು ಗೋದಾಮಿಗೆ ಬರುತ್ತಿದ್ದಾರೆ, ಆದರೆ ಬೀದಿ ನಾಯಿ ಕಂಡರೂ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

ಮಾರಿದವನು ಫೋನ್ ತೆಗೆಯುವುದಿಲ್ಲ. ಮೊನ್ನೆ ಅವನದೇ ಇನ್ನೊಂದು ವಿಡಿಯೊ ಬಂತು. ಬೇರೆ ನಾಯಿ, ಅದೇ ಕೋಲು, ಅದೇ ಸರಪಳಿ. ಕೆಳಗೆ ಜನ "ಸೂಪರ್" ಅಂತ ಬರೆದಿದ್ದಾರೆ. ನಾನು ನಿಲ್ಲಿಸಿ ಬಾಲ ನೋಡಿದೆ. ಹೊಟ್ಟೆಯ ಕೆಳಗಿತ್ತು.