ಸೋರಿಯಾಸಿಸ್: ಮುಚ್ಚಿಡುವುದಾ, ಹೇಳಿಬಿಡುವುದಾ?

ಚರ್ಮದ ಮೇಲೆ ಮಚ್ಚೆ ಎದ್ದು ಹೊಟ್ಟು ಉದುರುವ ಸೋರಿಯಾಸಿಸ್‌ಗೆ ಯಾವ ಮುಲಾಮು ಒಳ್ಳೆಯದು ಅಂತ ಕೇಳುವವರು ಜಾಸ್ತಿ. ಅದನ್ನು ಚರ್ಮದ ಡಾಕ್ಟರು ಹೇಳುತ್ತಾರೆ. ಜನರ ಕಣ್ಣನ್ನು ಹೇಗೆ ಎದುರಿಸಬೇಕು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನ್ನ ತವರು ಅಂಕೋಲಾ, ಈಗ ಇರುವುದು ಶಿರಸಿಯಲ್ಲಿ. ಮೊಣಕೈ, ಮೊಣಕಾಲು, ತಲೆಯಲ್ಲಿ ಈ ಕಾಯಿಲೆ ಇಟ್ಟುಕೊಂಡು ವರ್ಷಗಳಿಂದ ಬದುಕುತ್ತಿದ್ದೇನೆ. ಮುಚ್ಚಿಟ್ಟೂ ನೋಡಿದ್ದೇನೆ, ಹೇಳಿಯೂ ನೋಡಿದ್ದೇನೆ.

ಮೊದಲು ಮುಚ್ಚಿಡುವುದು. ಶಿರಸಿಯ ಡಿಸೆಂಬರ್ ಚಳಿಯಲ್ಲಿ ಇದು ಸುಲಭ, ಎಲ್ಲರೂ ಸ್ವೆಟರ್ ಹಾಕಿರುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಆದರೆ ಮೇ ತಿಂಗಳಲ್ಲಿ ದೇವಿಮನೆ ಘಟ್ಟ ಇಳಿದು ತವರಿಗೆ ಹೋದರೆ ಆ ಸೆಕೆಯಲ್ಲಿ ಉದ್ದ ತೋಳಿನ ಚೂಡಿದಾರ ಹಾಕಿ ಕೂರುವುದು ಎಂಥ ಹಿಂಸೆ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆವರಿದರೆ ತುರಿಕೆ. ತುರಿಸಿ ಗೀರಾದ ಕಡೆಯೇ ಹೊಸ ಮಚ್ಚೆ ಏಳುವುದು ಈ ಕಾಯಿಲೆಯ ಗುಣ, ಡಾಕ್ಟರುಗಳು ಅದಕ್ಕೆ ಕೋಬ್ನರ್ ಪರಿಣಾಮ ಅನ್ನುತ್ತಾರೆ. ಎಳೆ ಬಿಸಿಲು ತುಂಬಾ ಜನರಿಗೆ ಒಳ್ಳೆಯದು ಮಾಡುತ್ತದೆ, ಮುಚ್ಚಿಕೊಂಡರೆ ಅದೂ ಇಲ್ಲ. ಇನ್ನು ಮನಸ್ಸಿನ ಖರ್ಚು ಬೇರೆ. ಭುಜದ ಮೇಲೆ ಹೊಟ್ಟು ಕಾಣುತ್ತದೆ ಅಂತ ಕಪ್ಪು ಬಟ್ಟೆ ಬಿಡುವುದು, ಎದ್ದ ಕೂಡಲೇ ಕುರ್ಚಿ ನೋಡುವುದು, ಮನೆಯವರು ಏಳುವ ಮೊದಲೇ ಹಾಸಿಗೆ ಕೊಡವುವುದು. ತಂಗಿಯ ಮದುವೆಯಲ್ಲಿ ಬಳೆ ತೊಡಿಸುವವರ ಮುಂದೆ ನಾನು ಕೈ ಚಾಚಲಿಲ್ಲ. ಆ ನೋವು ಇವತ್ತಿಗೂ ಇದೆ.

ಎಲ್ಲರಿಗೂ ಹೇಳಿಬಿಡುವುದು ಇದರ ಎದುರು ತುದಿ. ಒಂದು ಕಾರ್ಯದ ಮನೆಯಲ್ಲಿ ಗಿಡ್ಡ ತೋಳು ಹಾಕಿ, ಕೇಳಿದವರಿಗೆಲ್ಲ ಹೇಳಿದೆ. ಹಗುರವಾಯಿತು, ನಿಜ. ಆದರೆ ಸಂಜೆಯೊಳಗೆ ಒಬ್ಬರು ಮೀನು ಬಿಡು ಅಂದರು, ಇನ್ನೊಬ್ಬರು ಬದನೆಕಾಯಿ ಬಿಡು ಅಂದರು, ಮತ್ತೊಬ್ಬರು ನಾಗದೋಷ, ಆಶ್ಲೇಷಾ ಬಲಿ ಮಾಡಿಸು ಅಂದರು. ಪೂಜೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೈಮೇಲಿನ ಮಚ್ಚೆಗೆ ಯಾವುದೋ ಪಾಪ ಕಾರಣ ಅಂತ ಊಟದ ಪಂಕ್ತಿಯಲ್ಲಿ ಕೂತು ಕೇಳಿಸಿಕೊಳ್ಳುವುದು ತುಂಬಾ ಕಷ್ಟ. ಒಂದೇ ಲಾಭ, ದೂರದ ಸಂಬಂಧದ ಅಕ್ಕ ಒಬ್ಬರು ಹಿತ್ತಲಿಗೆ ಕರೆದು ತಮ್ಮ ಮೊಣಕಾಲು ತೋರಿಸಿದರು. ಅವರು ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲವಂತೆ.

ನನಗೆ ಸರಿ ಹೊಂದಿದ್ದು ನಡುವಿನ ದಾರಿ. ದಿನಾ ಒಡನಾಡುವವರಿಗೆ, ಮೈ ಮುಟ್ಟಿ ಕೆಲಸ ಮಾಡುವವರಿಗೆ, ಅವರು ನೋಡುವ ಮೊದಲೇ ಹೇಳುವುದು. ಅದೂ ಚುಟುಕಾಗಿ: "ಇದು ಸೋರಿಯಾಸಿಸ್, ಮುಟ್ಟಿದರೆ ಅಂಟುವುದಿಲ್ಲ." ಮುಂದೆ ಕೇಳಿದರೆ, ಮೈಯ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆಲಸ ಮಾಡುತ್ತದೆ, ಸುಮಾರು ಒಂದು ತಿಂಗಳಲ್ಲಿ ಆಗಬೇಕಾದ ಚರ್ಮದ ಬದಲಾವಣೆ ಕೆಲವೇ ದಿನಗಳಲ್ಲಿ ಆಗಿ ಪದರ ಉದುರುತ್ತದೆ, ಅಷ್ಟು ಸಾಕು. ಒಂದು ಪಾರ್ಲರ್‌ನಲ್ಲಿ ನನ್ನ ತಲೆ ನೋಡಿ ಬಾಚಣಿಗೆ ಕೆಳಗಿಟ್ಟಿದ್ದರು. ಈಗ ಮೊದಲೇ ಫೋನ್ ಮಾಡಿ ಹೇಳಿ ಬೇರೆ ಕಡೆ ಹೋಗುತ್ತೇನೆ, ಅವರು ಪ್ರೀತಿಯಿಂದ ಕತ್ತರಿಸುತ್ತಾರೆ. ಅತ್ತೆಗೆ ಹೇಳಿದಾಗ, "ಮೊದ್ಲೇ ಹೇಳುದಲ್ವನೇ, ನಾನು ಎಂತದೋ ಅಂತ ಹೆದ್ರಿದ್ದೆ" ಅಂದರು. ಈಗ ತಲೆಗೆ ಎಣ್ಣೆ ಹಚ್ಚುವವರೇ ಅವರು.

ಇಷ್ಟಾದರೂ ರಾತ್ರಿ ಕನ್ನಡಿ ನೋಡಿ ಅಳು ಬರುವುದು ನಿಲ್ಲಲಿಲ್ಲ. ಅದಕ್ಕೆ 14416ಕ್ಕೆ ಫೋನ್ ಮಾಡಿದೆ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಂಬಂಧಿಕರಿಗೆ ಹೇಳುವಾಗ ಅವರ ಗಾಬರಿಯನ್ನೂ ನಾವೇ ಸಮಾಧಾನ ಮಾಡಬೇಕು, ಇಲ್ಲಿ ಆ ಭಾರ ಇಲ್ಲ. ಆದರೆ ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆ ಅಂತಿಲ್ಲ, ಕಥೆ ಮೊದಲಿಂದ ಹೇಳಬೇಕಾಗಬಹುದು. ಚರ್ಮಕ್ಕೂ ಮನಸ್ಸಿಗೂ ನಂಟಿದೆ, ಒತ್ತಡ ಹೆಚ್ಚಾದರೆ ಮಚ್ಚೆಯೂ ಕೆರಳುತ್ತದೆ. ಹಾಗಾಗಿ ಈ ಅಳುವನ್ನು ಚರ್ಮದ ಡಾಕ್ಟರಿಗೂ ಹೇಳಿ. ಕಳೆದ ಒಂದು ವಾರದಲ್ಲಿ ಎಷ್ಟು ಮುಜುಗರವಾಯಿತು, ಬಟ್ಟೆ ಆರಿಸಲು ಎಷ್ಟು ತೊಂದರೆಯಾಯಿತು ಅಂತೆಲ್ಲ ಕೇಳುವ 10 ಪ್ರಶ್ನೆಗಳ ಒಂದು ಪಟ್ಟಿ 1994ರಿಂದಲೂ ಇದೆ. ಮಚ್ಚೆ ಕಡಿಮೆ ಇದ್ದರೂ ಬದುಕಿಗೆ ತೊಂದರೆ ಜಾಸ್ತಿ ಇದ್ದರೆ, ಅದನ್ನು ನೋಡಿ ಚಿಕಿತ್ಸೆ ಬದಲಿಸುವುದುಂಟು.

ಬಸ್ಸಿನಲ್ಲಿ, ಜಾತ್ರೆಯಲ್ಲಿ ಗುರುತಿಲ್ಲದವರು ಕೇಳಿದರೆ ನಾನು ಈಗಲೂ ಸುಮ್ನೆ ಇರುತ್ತೇನೆ, ಅವರಿಗೆ ಹೇಳಬೇಕಾದ ಋಣ ನನಗಿಲ್ಲ. ಆದರೆ ಮನೆಯಲ್ಲಿ ಮದುವೆಗೆ ಬಂದ ಹುಡುಗಿಯೋ ಹುಡುಗನೋ ಇದ್ದು ಅವರಿಗೆ ಈ ಕಾಯಿಲೆ ಇದ್ದರೆ, ದಯವಿಟ್ಟು "ಮದುವೆ ಆಗುವವರೆಗೆ ಮುಚ್ಚಿಡು" ಅನ್ನಬೇಡಿ. ದಿನ ಗೊತ್ತು ಮಾಡುವ ಮೊದಲೇ, ಅವರು ತಮ್ಮ ಬಾಯಿಂದ ತಾವೇ ಹೇಳಲು ಬಿಡಿ.