ಶಿಯರ್ ಹಳ್ಳಿಯಿಂದ ಮೂರು ಸೈಕಲ್ ದಾರಿಗಳು: ಬಾಕ್ಸ್ ಹಿಲ್ಲೋ, ಲೀತ್ ಹಿಲ್ಲೋ, ಕ್ರ್ಯಾನ್ಲಿಯೋ?

ಮೈಸೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಮೇ ತಿಂಗಳಲ್ಲಿ ಇಲ್ಲಿ ಇಂಗ್ಲೆಂಡಿಗೆ ಬರುತ್ತಿದ್ದಾನೆ. ಫೋನಿನಲ್ಲಿ ಅವನು ಕೇಳಿದ್ದು ಒಂದೇ ಮಾತು: “ಅಣ್ಣಾ, ಒಲಿಂಪಿಕ್ಸ್ ನಡೆದ ಆ ಗುಡ್ಡ ಹತ್ತಿಸುತ್ತೀಯಾ?” ಬಾಕ್ಸ್ ಹಿಲ್ ತಾನೇ, ಹತ್ತಿಸುತ್ತೇನೆ ಎಂದೆ. ಆದರೆ ಸೈಕಲ್ಲಿಗೆಂದು ಸಿಗುವುದು ಒಂದೇ ದಿನ ಎಂದಾದರೆ ಅವನನ್ನು ನಾನು ಅಲ್ಲಿಗೆ ಕರೆದೊಯ್ಯುವುದಿಲ್ಲ.

ಶಿಯರ್ ಇರುವುದು ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ, ಗಿಲ್ಡ್‌ಫರ್ಡ್ ಮತ್ತು ಡಾರ್ಕಿಂಗ್ ಪಟ್ಟಣಗಳ ನಡುವೆ. ಟಿಲ್ಲಿಂಗ್‌ಬೋರ್ನ್ ಎಂಬ ಪುಟ್ಟ ಹೊಳೆ ಊರಿನ ನಡುವೆಯೇ ಹರಿಯುತ್ತದೆ. ಊರಿನ ಉತ್ತರಕ್ಕೆ ಸೀಮೆಸುಣ್ಣದ ಕಲ್ಲಿನ ಗುಡ್ಡಸಾಲು, ದಕ್ಷಿಣಕ್ಕೆ ಮರಳುಗಲ್ಲಿನ ಗುಡ್ಡಗಳು, ಅದರಾಚೆಗೆ ಜೇಡಿಮಣ್ಣಿನ ತಗ್ಗು ಬಯಲು. ಈ ಮಣ್ಣಿನ ವ್ಯತ್ಯಾಸ ಸೈಕಲ್ ಸವಾರನಿಗೆ ಪುಸ್ತಕದ ವಿಷಯವಲ್ಲ. ಟೈರಿನ ಕೆಳಗೆ, ತೊಡೆಯ ಸ್ನಾಯುವಿನಲ್ಲಿ ಅದು ನೇರವಾಗಿ ತಿಳಿಯುತ್ತದೆ. ರೈಲಿನಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ಗಾಮ್‌ಶಾಲ್. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ಮೂರೂ ದಾರಿಗಳನ್ನು ಒಂದೇ ಸೈಕಲ್ಲಿನಲ್ಲಿ, ಬೇರೆ ಬೇರೆ ಋತುಗಳಲ್ಲಿ, ಹಲವು ಸಲ ತುಳಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಬಾಕ್ಸ್ ಹಿಲ್. 2012ರ ಲಂಡನ್ ಒಲಿಂಪಿಕ್ಸ್‌ನ ರಸ್ತೆ ಓಟದಲ್ಲಿ ಪುರುಷರು ಇದನ್ನು ಒಂಬತ್ತು ಸುತ್ತು, ಮಹಿಳೆಯರು ಎರಡು ಸುತ್ತು ಹಾಕಿದರು. ಅಲ್ಲಿಂದ ಇದರ ಹೆಸರು ಎಲ್ಲರ ಬಾಯಲ್ಲಿ. ಏರು ಸುಮಾರು ಎರಡೂವರೆ ಕಿಲೋಮೀಟರ್, ಸರಾಸರಿ ಶೇ. 5ರ ಆಸುಪಾಸು, ಅಂದರೆ ನೂರು ಮೀಟರಿಗೆ ಐದು ಮೀಟರ್ ಎತ್ತರ. ತಿರುವುಗಳಲ್ಲೂ ಕಾಲಿನ ಲಯ ತಪ್ಪದು. ಒಂದು ಗಿಯರ್ ಹಿಡಿದು ಕುಳಿತರೆ ತುದಿಯವರೆಗೂ ಬದಲಿಸಬೇಕಿಲ್ಲ. ಚಾಮುಂಡಿ ಬೆಟ್ಟವನ್ನು ರಸ್ತೆಯಲ್ಲಿ ಹತ್ತಿದ ನನ್ನ ತಮ್ಮನಿಗೆ ಇದು ಬೆಳಗಿನ ಬಿಸಿಯೇರಿಕೆಯಷ್ಟೇ. ತುದಿಯಲ್ಲಿ ಇಂಥ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೆಫೆ, ಡಾರ್ಕಿಂಗ್ ಕಣಿವೆಯ ನೋಟ, ಭಾನುವಾರವಾದರೆ ನೂರಾರು ಸೈಕಲ್ಲುಗಳು. ಮೊದಲ ಬಾರಿ ಬಂದವರಿಗೆ ಈ ಜಾತ್ರೆಯ ಉತ್ಸಾಹ ಖಂಡಿತ ಇಷ್ಟವಾಗುತ್ತದೆ.

ನನ್ನ ತಕರಾರು ಗುಡ್ಡದ ಮೇಲಲ್ಲ, ಅಲ್ಲಿಗೆ ಮುಟ್ಟುವ ದಾರಿಯ ಮೇಲೆ. ಶಿಯರ್‌ನಿಂದ ನೇರ ದಾರಿ ಎಂದರೆ ಎ25 ಹೆದ್ದಾರಿ. ಎಡಬದಿಗೆ ಜಾಗವಿಲ್ಲ, ಬೆನ್ನ ಹಿಂದೆ ಲಾರಿಗಳ ಸಾಲು. ಸೈಕಲ್ಲನ್ನು ದಾಟುವಾಗ ಗಂಟೆಗೆ 30 ಮೈಲಿ ವೇಗದವರೆಗೆ ಕನಿಷ್ಠ ಒಂದೂವರೆ ಮೀಟರ್, ಅದಕ್ಕಿಂತ ವೇಗವಾದರೆ ಇನ್ನೂ ಹೆಚ್ಚು ಅಂತರ ಬಿಡಬೇಕೆಂದು 2022ರಲ್ಲಿ ಹೈವೇ ಕೋಡ್ ಎಂಬ ಇಲ್ಲಿನ ರಸ್ತೆ ನಿಯಮಾವಳಿಗೆ ಸೇರಿಸಿದ್ದಾರೆ. ಈ ರಸ್ತೆಯಲ್ಲಿ ಆ ಅಂತರ ಸಿಕ್ಕ ಸಲಗಳಿಗಿಂತ ಸಿಗದ ಸಲಗಳೇ ನನಗೆ ಹೆಚ್ಚು ನೆನಪಿವೆ. ಆದ್ದರಿಂದ ನಾನು ಏಬಿಂಜರ್ ಹ್ಯಾಮರ್ ದಾಟಿದ ಕೂಡಲೇ ಎಡಕ್ಕೆ ವೈಟ್ ಡೌನ್ ಲೇನ್ ಹಿಡಿದು, ರ‍್ಯಾನ್ಮೋರ್ ಕಾಮನ್ ಮೇಲಿಂದ ವೆಸ್ಟ್‌ಹಂಬಲ್‌ಗೆ ಇಳಿದು ಬಾಕ್ಸ್ ಹಿಲ್‌ನ ಬುಡ ಸೇರುತ್ತೇನೆ. ಮರಳುವಾಗ ಕ್ರಾಕ್‌ನಾರ್ತ್ ರಸ್ತೆಯ ಕಾಡಿನೊಳಗಿಂದ ಬಂದು ಶಿಯರ್‌ಗೆ ಇಳಿಯುತ್ತೇನೆ. ಒಟ್ಟು ಸುಮಾರು 40 ಕಿ.ಮೀ.

ನಿಜವಾದ ಏರು ವೈಟ್ ಡೌನ್‌ನಲ್ಲಿದೆ, ಬಾಕ್ಸ್ ಹಿಲ್‌ನಲ್ಲಿ ಅಲ್ಲ. ಮರಗಳ ನಡುವೆ ರಸ್ತೆ ಗೋಡೆಯಂತೆ ನಿಂತುಬಿಡುತ್ತದೆ. ಸೀಟಿನಿಂದ ಎದ್ದು ತುಳಿದರೆ ಒದ್ದೆ ಎಲೆಗಳ ಮೇಲೆ ಹಿಂದಿನ ಗಾಲಿ ಜಾರುತ್ತದೆ, ಕುಳಿತು ತುಳಿದರೆ ಮುಂದಿನ ಗಾಲಿ ನೆಲ ಬಿಡುತ್ತದೆ. 1940ರಲ್ಲಿ ಜರ್ಮನ್ ದಾಳಿಯ ಭಯದಿಂದ ಕಟ್ಟಿದ ಕಾವಲು ಗೂಡುಗಳು ಇಂದಿಗೂ ಈ ಇಳಿಜಾರಿನಲ್ಲಿವೆ. ಸೈಕಲ್ ತಳ್ಳಿಕೊಂಡು ಹತ್ತಿದ ದಿನವೇ ಅವನ್ನು ಸರಿಯಾಗಿ ನೋಡಿದೆ.

ಸುಣ್ಣಕಲ್ಲಿನ ಈ ಬದಿಗೆ ಇನ್ನೊಂದು ಕಾಟವಿದೆ, ಚಕಮಕಿ ಕಲ್ಲು. ಮಳೆ ಬಂದ ಮರುದಿನ ದಿಬ್ಬಗಳಿಂದ ಅದರ ಚೂರುಗಳು ರಸ್ತೆಗೆ ತೊಳೆದು ಬರುತ್ತವೆ. ಒಮ್ಮೆ ರ‍್ಯಾನ್ಮೋರ್ ಹತ್ತಿರ ಹಿಂದಿನ ಗಾಲಿಯ ಗಾಳಿ ಬುಸ್ಸೆಂದು ಹೋಯಿತು. ಟೈರಿನ ಒಳಮೈಯನ್ನು ಬೆರಳಿನಿಂದ ಸವರುತ್ತ ಹೋದಾಗ ಸಿಕ್ಕಿದ್ದು ಅಕ್ಕಿಕಾಳಿನಷ್ಟು ಚೂರು. ಒಂದು ಬದಿ ಸುಣ್ಣದಂತೆ ಬಿಳಿ, ಒಡೆದ ಮುಖ ಗಾಜಿನಂತೆ ಕಪ್ಪು. ಅದನ್ನು ಕೀಳುವಷ್ಟರಲ್ಲಿ ಹೆಬ್ಬೆರಳಿನ ತುದಿಯಿಂದ ರಕ್ತ ಬಂದಿತ್ತು. ಆದಿಮಾನವ ಇದರಿಂದಲೇ ಚಾಕು ಮಾಡಿಕೊಂಡದ್ದು ಏಕೆಂದು ಆ ಹೊತ್ತು ಚೆನ್ನಾಗಿ ಅರ್ಥವಾಯಿತು. ಅಂದಿನಿಂದ ಈ ದಾರಿಗೆ ಎರಡು ಟ್ಯೂಬ್ ಇಲ್ಲದೆ ಹೊರಡುವುದಿಲ್ಲ.

ಈಗ ಲೀತ್ ಹಿಲ್. ಇದೂ ಏಬಿಂಜರ್ ಹ್ಯಾಮರ್‌ವರೆಗೆ ಎ25 ಮೇಲೆಯೇ ಹೋಗುತ್ತದೆ. ಆದರೆ ಸ್ವಲ್ಪ ದೂರ ಮಾತ್ರ. ಹಿಂದೆ ಇಲ್ಲಿ ನೀರಿನ ಬಲದಿಂದ ಕಬ್ಬಿಣ ಬಡಿಯುತ್ತಿದ್ದರು, ಊರಿನ ಹೆಸರಿನಲ್ಲಿರುವ ಸುತ್ತಿಗೆ ಅದೇ. ರಸ್ತೆಯ ಮೇಲೆ ಚಾಚಿಕೊಂಡಿರುವ ಗಡಿಯಾರದಲ್ಲಿ ಒಬ್ಬ ಕಮ್ಮಾರನ ಬೊಂಬೆ ಗಂಟೆಗೊಮ್ಮೆ ಗಂಟೆ ಬಾರಿಸುತ್ತದೆ. ಎಷ್ಟು ಬೇಗ ಹೋಗಬೇಕೆಂಬುದನ್ನು ನನ್ನಿಂದ ತಿಳಿದುಕೋ ಎಂಬರ್ಥದ ಸಾಲು ಅದರ ಮೇಲಿದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ಹೋಮ್‌ಬರಿ ಸೇಂಟ್ ಮೇರಿ, ಫಾರೆಸ್ಟ್ ಗ್ರೀನ್, ಆಮೇಲೆ ಟ್ಯಾನ್‌ಹರ್ಸ್ಟ್ ಲೇನ್‌ನ ಏರು.

ಈ ಏರು ಬಾಕ್ಸ್ ಹಿಲ್‌ನಂತೆ ನಯವಾದದ್ದಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಫಕ್ಕನೆ ಕಡಿದಾಗುತ್ತದೆ, ಉಸಿರು ಮರಳಲು ಬಿಟ್ಟು ಮತ್ತೆ ಹಿಡಿಯುತ್ತದೆ. ಗಿಯರ್ ಕೈಯಲ್ಲೇ ಇರಬೇಕು. ಈ ಏರುಪೇರೇ ನನಗೆ ಇಷ್ಟ, ಮುಂದೇನು ಎಂದು ತಿಳಿಯದ ಕಾರಣ ಪ್ರತಿ ತಿರುವಿಗೂ ಮನಸ್ಸು ಎಚ್ಚರವಾಗಿರುತ್ತದೆ. 2013ರಿಂದ 2019ರವರೆಗೆ ಸರ್ರೆಯಲ್ಲಿ ನಡೆದ ರೈಡ್‌ಲಂಡನ್ ಎಂಬ ಸಾಮೂಹಿಕ ಸೈಕಲ್ ಸವಾರಿಯ ದಾರಿಯಲ್ಲಿ ಲೀತ್ ಹಿಲ್, ಬಾಕ್ಸ್ ಹಿಲ್ ಎರಡೂ ಇದ್ದವು. ನಾನು ಕೇಳಿದವರಲ್ಲಿ ಹೆಚ್ಚಿನವರಿಗೆ ಕಾಲು ಕಟ್ಟಿದ್ದು ಲೀತ್ ಹಿಲ್‌ನಲ್ಲೇ.

ಗುಡ್ಡದ ಎತ್ತರ 294 ಮೀಟರ್, ಅಂದರೆ 965 ಅಡಿ. ಸಾವಿರ ಅಡಿ ದಾಟಿಸಬೇಕೆಂದು ರಿಚರ್ಡ್ ಹಲ್ ಎಂಬ ಜಮೀನುದಾರ 18ನೇ ಶತಮಾನದಲ್ಲಿ ಮೇಲೊಂದು ಗೋಪುರ ಕಟ್ಟಿಸಿದ. ಅವನನ್ನು ಹೂಳಿದ್ದೂ ಅದರ ಕೆಳಗೇ. ಆದರೆ ರಸ್ತೆ ಗೋಪುರದವರೆಗೆ ಹೋಗುವುದಿಲ್ಲ. ಕೊನೆಯ ಭಾಗ ಕಾಡಿನ ಕಾಲುದಾರಿ, ತೆಳು ಟೈರಿನವರು ತಳ್ಳಿಕೊಂಡೇ ಹೋಗಬೇಕು. ಬಾಕ್ಸ್ ಹಿಲ್‌ನಲ್ಲಿ ಈ ತೊಂದರೆ ಇಲ್ಲ. ತಳ್ಳುವ ಶ್ರಮಕ್ಕೆ ಬೆಲೆ ಇದೆ: ತಿಳಿಯಾದ ದಿನ ಉತ್ತರಕ್ಕೆ ಲಂಡನ್ ಕಟ್ಟಡಗಳು, ದಕ್ಷಿಣಕ್ಕೆ ಗುಡ್ಡಗಳ ಕಂಡಿಯಲ್ಲಿ ಸಮುದ್ರದ ಒಂದು ಗೆರೆ.

ಈ ದಾರಿ ಗೆಲ್ಲುವುದು ಇಳಿಯುವಾಗ. ಏಬಿಂಜರ್ ಕಾಮನ್ ದಾಟಿ ಹಾಲೋ ಲೇನ್‌ಗೆ ಬಂದರೆ ರಸ್ತೆ ನೆಲದೊಳಕ್ಕೆ ಇಳಿದುಹೋಗುತ್ತದೆ. ಮೆದು ಮರಳುಗಲ್ಲಿನ ಮೇಲೆ ಶತಮಾನಗಳ ಗಾಡಿಚಕ್ರಗಳು, ಮಳೆನೀರು ಕೊರೆದು ಮಾಡಿದ ಓಣಿಗಳು ಇವು. ಮಲೆನಾಡಿನ ಹಳೆಯ ಅಗಳು ನೋಡಿದವರಿಗೆ ಗುರುತು ಸಿಗುತ್ತದೆ. ಎರಡೂ ಬದಿಗೆ ತಲೆಗಿಂತ ಎತ್ತರದ ದರೆ, ದರೆಯಿಂದ ಹೊರಬಿದ್ದ ಬೇರುಗಳು, ಬೇರುಗಳ ಸಂದಿಯಲ್ಲಿ ಜರೀಗಿಡ. ಬೇಸಿಗೆಯ ಮಧ್ಯಾಹ್ನದಲ್ಲೂ ತೋಳಿಗೆ ತಣ್ಣನೆ ಗಾಳಿ ತಾಕುತ್ತದೆ. ಪೆಡಲು ನಿಲ್ಲಿಸಿದರೆ ಹಿಂದಿನ ಚಕ್ರದ ಟಿಕಟಿಕ ಎರಡೂ ಕಡೆಯಿಂದ ಮರಳಿ ಕೇಳುತ್ತದೆ. ಎದುರು ಕಾರೋ ಕುದುರೆಯೋ ಬಂದರೆ ಸರಿಯಲು ಜಾಗವಿಲ್ಲ, ಹಾಗಾಗಿ ಎರಡೂ ಬ್ರೇಕುಗಳ ಮೇಲೆ ಬೆರಳಿಟ್ಟೇ ಇಳಿಯಬೇಕು. ಕುದುರೆ ಕಂಡರೆ ದೂರದಿಂದಲೇ ಕೂಗಿ ತಿಳಿಸುವುದು ಇಲ್ಲಿನ ರೂಢಿ. ಇಡೀ ಸುತ್ತು ಸುಮಾರು 27 ಕಿ.ಮೀ.

ಮೂರನೆಯದು ಕ್ರ್ಯಾನ್ಲಿ ಸುತ್ತು: ಆಲ್ಬರಿ, ಚಿಲ್ವರ್ತ್, ವನರ್ಶ್, ಶ್ಯಾಮ್ಲಿ ಗ್ರೀನ್, ಕ್ರ್ಯಾನ್ಲಿ, ಯೂಹರ್ಸ್ಟ್, ಒಟ್ಟು ಸುಮಾರು 30 ಕಿ.ಮೀ. ಹೆಚ್ಚಿನ ಪಾಲು ಸಮತಟ್ಟು. ಯೂಹರ್ಸ್ಟ್ ಕಳೆದ ಮೇಲೆ ಪಿಚ್ ಹಿಲ್ ಒಂದು ಅಡ್ಡ ನಿಲ್ಲುತ್ತದೆ. ಆಗಲೇ ದಣಿದ ಕಾಲಿಗೆ ಅದು ಕಷ್ಟ. ಚಿಲ್ವರ್ತ್‌ನಲ್ಲಿ ನಾನು ಪ್ರತಿ ಸಲವೂ ಇಳಿಯುತ್ತೇನೆ. 1626ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಕೋವಿಮದ್ದಿನ ಕಾರ್ಖಾನೆ ಆರಂಭಿಸಿತು. ಕಂಪನಿಯ ಕೈ ಬಿಟ್ಟ ಮೇಲೂ ಅದು 1920ರವರೆಗೆ ನಡೆಯಿತು. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡುತ್ತ ಬೆಳೆದವನು ಈ ಪಾಚಿಗಟ್ಟಿದ ಗೋಡೆಗಳ ಮುಂದೆ ಸುಮ್ಮನೆ ಹಾದುಹೋಗುವುದು ಹೇಗೆ? ಅದೊಂದನ್ನು ಬಿಟ್ಟರೆ ದಾರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಡಿಮೆ, ವಾಹನಗಳೂ ಬೇಡವೆನಿಸುವಷ್ಟಿವೆ. ಹೊಸದಾಗಿ ಸೈಕಲ್ ಹಿಡಿದವರಿಗೆ ಪಿಚ್ ಹಿಲ್ ತಪ್ಪಿಸಿ, ಬಂದ ದಾರಿಯಲ್ಲೇ ಮರಳಲು ಹೇಳುತ್ತೇನೆ.

ಋತು ನೋಡಿದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ಬೇಲಿ ಸವರುವ ಕಾಲ. ಮುಳ್ಳುಗಳು ರಸ್ತೆಗೆ ಬಿದ್ದು ಓಣಿಗಳೆಲ್ಲ ಪಂಕ್ಚರ್ ತಾಣಗಳಾಗುತ್ತವೆ. ಚಳಿಗಾಲದಲ್ಲಿ ಹಾಲೋ ಲೇನ್‌ನ ನೆರಳಿನಲ್ಲಿ ಮಂಜುಗಡ್ಡೆ ಮಧ್ಯಾಹ್ನವಾದರೂ ಕರಗುವುದಿಲ್ಲ. ಆಗ ಬಾಕ್ಸ್ ಹಿಲ್‌ನ ಅಗಲ ರಸ್ತೆಯೇ ಮೇಲು, ನಾನೂ ಜನವರಿಯಲ್ಲಿ ಅಲ್ಲಿಗೇ ಹೋಗುತ್ತೇನೆ. ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಲೀತ್ ಹಿಲ್ ಕಾಡುಗಳಲ್ಲಿ ನೀಲಿ ಬ್ಲೂಬೆಲ್ ಹೂ ನೆಲ ಕಾಣದಂತೆ ಹಾಸಿರುತ್ತದೆ. ಆ ಮೂರು ವಾರ ನನಗೆ ಬೇರೆ ದಾರಿ ಬೇಡ.

ತಮ್ಮ ಬರುವುದು ಮೇ ಮೊದಲ ವಾರ. ಅವನಿಗಾಗಿ ಎರವಲು ತಂದ ಸೈಕಲ್ಲಿಗೆ 28 ಮಿ.ಮೀ. ಅಗಲದ ಟೈರು ಹಾಕಿಸಿದ್ದೇನೆ. ಬೆಳಗ್ಗೆ ಗಾಮ್‌ಶಾಲ್‌ನಲ್ಲಿ ಇಳಿದರೆ, ಕಮ್ಮಾರ ಹತ್ತು ಗಂಟೆ ಬಾರಿಸುವ ಹೊತ್ತಿಗೆ ನಾವು ಆ ಗಡಿಯಾರದ ಕೆಳಗೆ ಬಲಕ್ಕೆ ತಿರುಗಿರುತ್ತೇವೆ.